ಹಗೇವಿನ ಹುಕುಂ

ಈ ಬರಹಕ್ಕೆ ಕೂತಾಗಿನಿಂದ ಎಷ್ಟು ಸಲ ಎದ್ದೆನೋ ನನಗೇ ಗೊತ್ತಿಲ್ಲ. ಒಲೆಯ ಮೇಲೆ ಹಾಲಿದೆಯೆಂದು ಎದ್ದೆ, ಇರಲಿಲ್ಲ. ಗೇಟಿನ ಹತ್ತಿರ ಯಾರೋ ಕರೆದಂತಾಯಿತೆಂದು ಎದ್ದೆ, ಯಾರೂ ಕರೆದಿರಲಿಲ್ಲ. ಆಮೇಲೆ ಸುಮ್ಮನೆ ಎದ್ದೆ. ಅಸಲು ಕಾರಣ ಎದುರಿಗಿರುವ ಈ ಕಂಪ್ಯೂಟರು. ಹೊಸ ಪ್ರಿಂಟರ್ ತಂದು ಜೋಡಿಸಹೋದರೆ ಪರದೆಯ ನಟ್ಟನಡುವೆ ಒಂದು ಚೌಕ ಬಂದು ಅಡ್ಡಗಾಲು ಹಾಕಿದೆ. ಈ ಕೆಲಸ ಮಾಡುವ ಅಧಿಕಾರ ನಿಮಗಿಲ್ಲ, ಯಜಮಾನರ ಪಾಸ್‌ವರ್ಡ್ ಹಾಕಿ ಎನ್ನುತ್ತಿದೆ. ಲಿಂಗಸುಗೂರಿನ ಶಾಲೆಯೊಂದರಲ್ಲಿ ನೌಕರಿ ಮುಗಿಯುವವರೆಗೂ ಮಕ್ಕಳಿಗೆ ಏಳು, ಕೂಡು ಎಂದು ಅಪ್ಪಣೆ ಮಾಡಿದವಳು ನಾನು. ನಿವೃತ್ತಳಾಗಿ ಸಿಂಧನೂರಿಗೆ ಬಂದು ನೆಲೆಸಿದ ಮೇಲೆ ನನ್ನದೇ ದುಡ್ಡಿನ ಯಂತ್ರ ನನಗೆ ಹೀಗೆ ಹೇಳಿದರೆ ಮೈ ಉರಿಯದೆ ಇರುತ್ತದೆಯೇ? ನೀವೇ ಹೇಳಿ.

ಆ ಪಾಸ್‌ವರ್ಡ್ ಇರುವುದು ನಮ್ಮವರ ತಲೆಯಲ್ಲಿ. ನಮ್ಮವರು ಇರುವುದು ಹಿತ್ತಲಲ್ಲಿ, ಕರಿಬೇವಿನ ಗಿಡದ ಬುಡದಲ್ಲಿ.

"ರೀ, ಇಲ್ಲಿ ಬರ್ರಿ. ಕೇಳಾಕತ್ತೈತಿ."

"ಏನು ಕೇಳಾಕತ್ತೈತಿ?"

"ನಿಮ್ಮನ್ನ."

"ಕೇಳ್ಲಿ ಬಿಡು. ನೀರು ಹಾಕಿ ಬರ್ತೀನಿ."

ಅವರು ಗಿಡಕ್ಕೆ ನೀರು ಹಾಕುವುದೆಂದರೆ ಎಲೆ ಎಲೆಯ ಯೋಗಕ್ಷೇಮ ವಿಚಾರಿಸಿದಂತೆ. ಬಂದ ಮೇಲೂ ಕೈ ಒರೆಸಿಕೊಳ್ಳಬೇಕು, ಕನ್ನಡಕ ಹುಡುಕಬೇಕು, ಪರದೆಯ ಮೇಲೆ ಬಂದಿರುವುದನ್ನು ಮೊದಲಿಂದ ಕೊನೆಯವರೆಗೆ ಓದಬೇಕು, ಓದಿ "ಇದು ಯಾಕ ಬೇಕು ನಿನಗ?" ಎಂದು ಕೇಳಬೇಕು. ಅಷ್ಟು ಹೊತ್ತಿಗೆ ಯಾಕೆ ಬೇಕಾಗಿತ್ತೆಂಬುದು ನನಗೇ ಮರೆತಿರುತ್ತದೆ. ಹೋದ ತಿಂಗಳು ಅವರು ಮಸ್ಕಿಗೆ ನೆಂಟರ ಮನೆಯ ತೊಟ್ಟಿಲಿಗೆ ಹೋಗಿದ್ದಾಗ ಇಂಥದೇ ಒಂದು ಚೌಕ ಎದ್ದು ಕೂತಿತು. ಫೋನು ಮಾಡಿ ಕೇಳಿದರೆ "ಬಂದಮ್ಯಾಲೆ ನೋಡೂಣು" ಅಂದರು. ಅಷ್ಟೇ ಅಲ್ಲ, ನೆಂಟರು ಒತ್ತಾಯ ಮಾಡಿದರೆಂದು ಇನ್ನೊಂದು ದಿನ ಉಳಿದರು. ನಾನು ಇಲ್ಲಿ ಅಂಡು ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ.

ಈ ಏರ್ಪಾಡು ಮಾಡಿಕೊಟ್ಟವಳು ನಮ್ಮ ಓಣಿಯ ತುದಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ರೇಣುಕಾ. ಅದಕ್ಕೂ ಕಾರಣ ನಾನೇ ಎನ್ನಿ. ಯಂತ್ರ ಏನು ಕೇಳಿದರೂ "ಹೌದು" ಒತ್ತುವುದು ನನ್ನ ಅಭ್ಯಾಸ. ಏನು ಕೇಳುತ್ತಿದೆ ಎಂದು ಓದುವ ತಾಳ್ಮೆ ಯಾರಿಗಿದೆ? ಒಂದು ದಿನ, ನಿಮ್ಮ ಯಂತ್ರದಲ್ಲಿ ಕಸ ತುಂಬಿದೆ, ಗುಡಿಸಲೇ ಎಂದು ಬಂತು. ಮನೆಗೆಲಸಕ್ಕೆ ಜನ ಸಿಗದ ಈ ಕಾಲದಲ್ಲಿ ತಾನಾಗಿ ಬಂದು ಗುಡಿಸುತ್ತೇನೆ ಅನ್ನುತ್ತಿದೆಯಲ್ಲ, ಪಾಪ, ಎಂದು ಹೌದು ಒತ್ತಿದೆ. ಗುಡಿಸಿತು. ಅವ್ವನ ಕಾಲದ ಅಡುಗೆಗಳ ಬಗ್ಗೆ ನಾನು ಕೂತು ಕೂತು ಟೈಪ್ ಮಾಡಿದ್ದ ಬರಹವನ್ನೂ ಸೇರಿಸಿ ಗುಡಿಸಿತು. ಅತ್ತೂ ಕರೆದೂ ರೇಣುಕಾಳ ಮುಂದೆ ತಂದಿಟ್ಟೆ. ಅವಳು ಉಳಿದದ್ದನ್ನು ಉಳಿಸಿ, ಎಲ್ಲ ಹೊಸದಾಗಿ ತುಂಬಿ, ಆಮೇಲೆ ನನಗೆ ಪಾಠ ಮಾಡಿದಳು.

"ಟೀಚರ್, ಇನ್ಮ್ಯಾಲೆ ಇದರಾಗ ಎರಡು ಖಾತೆ ಇರ್ತಾವ. ಒಂದು ಯಜಮಾನಂದು. ಹೊಸಾದು ಹಾಕೂದು, ಹಳೇದು ತಗಿಯೂದು ಎಲ್ಲಾ ಅದರಾಗ. ಇನ್ನೊಂದು ಸಣ್ಣದು, ದಿನದ ಓದು ಬರಹಕ್ಕ. ನೀವು ಸಣ್ಣದರಾಗ ಇರ್ರಿ."

"ಇದರ ಯಜಮಾನಿ ನಾನಲ್ಲೇನವ್ವಾ?"

"ನೀವ ರೀ. ಆದ್ರ ದಿನಾ ಯಜಮಾನಕಿ ಮಾಡಬ್ಯಾಡ್ರಿ. ನೀವು ಸಣ್ಣ ಖಾತೆದಾಗ ಕುಂತಾಗ ಕಳ್ಳ ಬಂದ್ರ, ಅವನ ಕೈಯೂ ಅಷ್ಟರಾಗ ಇರ್ತೈತಿ. ದೊಡ್ಡ ಖಾತೆದಾಗ ಕುಂತಾಗ ಬಂದ್ರ ಇಡೀ ಮನೀನ ಅವಂದು."

"ಮತ್ತ ದೊಡ್ಡ ಪಾಸ್‌ವರ್ಡು?"

ರೇಣುಕಾ ನನ್ನ ಮುಖ ನೋಡಿದಳು. ಮೇಜಿನ ಕೆಳಗೆ ಕುಣಿಯುತ್ತಿದ್ದ ನನ್ನ ಕಾಲನ್ನೂ ನೋಡಿದಳು. "ಅದು ಸರ್ ಹತ್ರ ಇರ್ಲಿ ರೀ" ಅಂದಳು. ನಾನು ಒಪ್ಪಿದೆ. ಒಪ್ಪಿದ ದಿನದಿಂದ ಬೈಯುತ್ತಿದ್ದೇನೆ.

ಈ ಕಾಲು ನನ್ನದಲ್ಲ, ಅಪ್ಪನದು. ಅಪ್ಪ, ಅಂದರೆ ಜವಳಗೇರಾದ ಆಚೆಯ ನಮ್ಮೂರಿನ ಬಸಣ್ಣ, ಒಂದು ಕಡೆ ಕೂತ ಎಂದರೆ ಊರಿನಲ್ಲಿ ಅದೊಂದು ಸುದ್ದಿ. ನಿಂತೇ ಉಣ್ಣುತ್ತಿದ್ದ. ಬಸ್ಸು ನಿಲ್ಲುವ ಮೊದಲೇ ಇಳಿದು, ಬಿದ್ದು, ಮಂಡಿಯ ಮಣ್ಣು ಕೊಡವಿಕೊಂಡು ನಡೆಯುತ್ತಿದ್ದ. ಕಾಲುವೆ ನೀರು ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗುತ್ತಿದ್ದ ಹೊಸದರಲ್ಲಿ, ನೆಟ್ಟ ಸಸಿ ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಕಿತ್ತು ನೋಡಿ ಮತ್ತೆ ನೆಡುತ್ತಿದ್ದ. ಕೂಡಲೇಬೇಕಾಗಿ ಬಂದರೆ ಕಾಲು ಅಲ್ಲಾಡಿಸುತ್ತಿದ್ದ. "ಕಾಲು ಅಲ್ಲಾಡಸಬ್ಯಾಡ್ರಿ, ಮನಿಗೆ ದರಿದ್ರ" ಎಂದು ಅವ್ವ ಗದರಿದರೆ ಆ ಕಾಲು ನಿಲ್ಲಿಸಿ ಇನ್ನೊಂದನ್ನು ಶುರು ಮಾಡುತ್ತಿದ್ದ.

ನೀರು ಬಿಡುವ ಗೇಟಿಗೂ ಅಪ್ಪನಿಗೂ ಆದ ಜಗಳವನ್ನು ಇಲ್ಲಿ ಹೇಳಿಬಿಡುತ್ತೇನೆ, ಮರೆತರೆ ಮರೆತೇ ಹೋಯಿತು. ಗೇಟಿನ ಮೇಲೆ ತಿರುಪಿನ ಕಂಬಿ ಇತ್ತು. ಅದನ್ನು ತಿರುಗಿಸುವ ಹ್ಯಾಂಡಲು ಮಾತ್ರ ಗೇಟಿನ ಹತ್ತಿರ ಇರುತ್ತಿರಲಿಲ್ಲ. ರೈತರು ಮನಸ್ಸಿಗೆ ಬಂದಂತೆ ತಿರುವಿಯಾರೆಂದು ನೀರು ನೋಡಿಕೊಳ್ಳುವ ಸರ್ಕಾರಿ ಆಳು, ಲಸ್ಕರ್ ಅನ್ನುತ್ತಿದ್ದೆವು, ಅದನ್ನು ಮನೆಗೆ ಒಯ್ದು ಮಂಚದ ಕೆಳಗೆ ಇಟ್ಟುಕೊಳ್ಳುತ್ತಿದ್ದ. ನಮ್ಮ ಪಾಳಿ ಬಂದ ದಿನ ಅವನು ಮಾವನ ಮನೆಗೆ ಹೋಗಿರುತ್ತಿದ್ದ. ಅಪ್ಪ ಎಷ್ಟು ದಿನ ತಡೆದಾನು? ಕಮ್ಮಾರನಿಂದ ಅಂಥದೇ ಒಂದು ಹ್ಯಾಂಡಲು ಬಡಿಸಿ ಬಣವೆಯಲ್ಲಿ ಹುದುಗಿಸಿಟ್ಟ. ಅಪ್ಪನದನ್ನು ನೋಡಿ ಪಕ್ಕದವರು, ಪಕ್ಕದವರದನ್ನು ನೋಡಿ ಆಚೆಯವರು. ಒಂದೆರಡು ವರ್ಷದಲ್ಲಿ ಊರಿನ ಬಣವೆಗಳಲ್ಲಿ ಮೇವಿಗಿಂತ ಹ್ಯಾಂಡಲುಗಳೇ ಹೆಚ್ಚಾಗಿ, ಗೇಟು ಯಾರ ಮಾತನ್ನೂ ಕೇಳದಂತಾಯಿತು, ಕೆಳಗಿನ ಹೊಲಗಳಿಗೆ ನೀರೇ ಮುಟ್ಟಲಿಲ್ಲ. ಇದನ್ನು ರೇಣುಕಾಳಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕಳು. ಕೆಲವು ಕಚೇರಿಗಳಲ್ಲಿ ಮೇಲಿಂದ ಮೇಲೆ ಪಾಸ್‌ವರ್ಡ್ ಕೇಳುತ್ತಾರೆಂದು ಜನ ಅದನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿರುತ್ತಾರಂತೆ. ಕೀಲಿ ಬಿಗಿಯಾದಷ್ಟೂ ಕಮ್ಮಾರನಿಗೆ ಕೆಲಸ ಜಾಸ್ತಿ.

ನಾನು ಹೇಳಬೇಕೆಂದಿದ್ದು ಗೇಟಿನ ಕತೆಯಲ್ಲ, ಹಗೇವಿನದು. ಈಗಿನ ಮಕ್ಕಳಿಗೆ ಹಗೇವು ಎಂದರೆ ಗೊತ್ತಿಲ್ಲ. ಮನೆಯ ಮುಂದೆ ನೆಲದೊಳಗೆ ತೋಡಿದ ಜೋಳದ ಕಣಜ ಅದು. ಬಾಯಿ ಸಣ್ಣದು, ಒಬ್ಬ ಮೈ ಕುಗ್ಗಿಸಿ ಇಳಿಯುವಷ್ಟು. ಒಳಗೆ ಹೊಟ್ಟೆ ದೊಡ್ಡದು, ಎರಡಾಳು ಆಳ. ಜೋಳ ತುಂಬಿ, ಮೇಲೆ ಹುಲ್ಲು ಹಾಸಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಇಡೀ ಬದುಕು ಅದರೊಳಗೆ. ನಾವು ಮಕ್ಕಳು ಅದರ ಮೇಲೆಯೇ ಕುಂಟಾಟ ಆಡುತ್ತಿದ್ದೆವು. ಆದರೆ ಅದರ ಬಾಯಿ ತೆಗೆದ ದಿನ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಮುಚ್ಚಿದ ಹಗೇವಿನೊಳಗೆ ಗಾಳಿ ಸತ್ತಿರುತ್ತದೆ. ಅರಿಯದೆ ಇಳಿದವನು ಕೂಗುವುದಕ್ಕೂ ಉಸಿರಿಲ್ಲದೆ ಅಲ್ಲೇ ಕುಸಿಯುತ್ತಾನೆ.

ಅದಕ್ಕೇ ನಮ್ಮೂರಿನಲ್ಲಿ ಒಂದು ಪದ್ಧತಿ ಇತ್ತು. ಹಗೇವು ಯಾರದೋ, ಅವರು ಇಳಿ ಎಂದು ಹೇಳುವಂತಿಲ್ಲ. ಆ ಹುಕುಂ ಬೇರೆ ಮನೆಯವರು ಕೊಡಬೇಕು. ಯಾಕೆ ಹೀಗೆ ಎಂದು ಅವ್ವನನ್ನು ಕೇಳಿದರೆ "ಮೊದಲಿಂದ ಹಂಗ ಐತಿ" ಅನ್ನುತ್ತಿದ್ದಳು. ನಮ್ಮ ಓಣಿಗೆಲ್ಲ ಹುಕುಂ ಕೊಡುವವಳು ಈರಮ್ಮಜ್ಜಿ, ನಮ್ಮ ಮನೆಯಿಂದ ನಾಕು ಮನೆ ಆಚೆ ಇದ್ದ ಮುದುಕಿ. ನಿಧಾನದ ಮನುಷ್ಯಳು. ಅವಳು ನಡೆಯುವುದನ್ನು ಬಾಗಿಲಲ್ಲಿ ನಿಂತು ನೋಡಿದರೆ ಹೋಗುತ್ತಿದ್ದಾಳೋ ಬರುತ್ತಿದ್ದಾಳೋ ತಿಳಿಯುತ್ತಿರಲಿಲ್ಲ. ಈ ಕೆಲಸಕ್ಕೆ ಅವಳನ್ನು ಆರಿಸಿದ್ದೇ ಆ ನಿಧಾನಕ್ಕೆ ಎಂದು ನಾನು ತಿಳಿದಿದ್ದೆ.

ಬಾಯಿ ತೆಗೆದು ಸಾಕಷ್ಟು ಹೊತ್ತು ಗಾಳಿಗೆ ಬಿಟ್ಟ ಮೇಲೆ ಈರಮ್ಮಜ್ಜಿ ಬಂದು ಕಲ್ಲಿನ ಮೇಲೆ ಕೂರುವಳು. ಹಣತೆಯೊಂದನ್ನು ಬುಟ್ಟಿಯಲ್ಲಿಟ್ಟು, ಹಗ್ಗ ಕಟ್ಟಿ, ತಳದವರೆಗೆ ಬಿಡಿಸುವಳು. ಅದು ಕೆಳಗೆ ಉರಿಯುತ್ತಿರುವಾಗ ಇವಳು ಮೇಲೆ ಎಲೆ ಒರೆಸುವಳು, ಸುಣ್ಣ ಸವರುವಳು, ಅಡಿಕೆ ಹುಡುಕುವಳು, ಸಿಕ್ಕಿತೆಂದರೆ ಅದು ಮೆತ್ತಗಿದೆ ಎಂದು ಇನ್ನೊಂದು ಹುಡುಕುವಳು. ಅಪ್ಪ ಅಷ್ಟು ಹೊತ್ತೂ ಹಗೇವಿನ ಸುತ್ತ ಗಾಣದ ಎತ್ತಿನ ಹಾಗೆ ತಿರುಗುತ್ತಿದ್ದ. ದೀಪ ಆರಿದರೆ ಮೇಲೆತ್ತಿ, ಕಂಬಳಿಯಿಂದ ಗಾಳಿ ಬೀಸಿ, ಮತ್ತೆ ಮೊದಲಿಂದ. ಆರದೆ ಇದ್ದರೆ ಬಾಯಿಯ ರಸ ಉಗುಳಿ ಬಂದು "ಇಳಿ" ಅನ್ನುವಳು. ಇಳಿಯುವವನ ನಡುವಿಗೆ ಹಗ್ಗ ಇರಬೇಕು. ಇಳಿದವನು ಬಾಯಿ ಮುಚ್ಚಬಾರದು. ಹಾಡಲಿ, ಬೈಯಲಿ, ಮಗ್ಗಿ ಹೇಳಲಿ, ದನಿ ಬರುತ್ತಿರಬೇಕು. ದನಿ ನಿಂತರೆ ಕೇಳುವುದು ಹೇಳುವುದು ಇಲ್ಲ, ಎಳೆಯುವುದೇ.

ಇಷ್ಟು ಮಾಡಿ ಅವಳು ಸುಮ್ಮನೆ ಮನೆಗೆ ಹೋಗುತ್ತಿರಲಿಲ್ಲ. ಅಡುಗೆಮನೆಗೆ ಬಂದು ವಾಡೇವನ್ನು, ಅಂದರೆ ದಿನದ ಬಳಕೆಯ ಜೋಳ ತುಂಬಿಡುವ ಮಣ್ಣಿನ ಗುಡಾಣವನ್ನು, ಬೆರಳಿನಿಂದ ತಟ್ಟಿ ನೋಡುವಳು. "ಇದರ ತಳ ಕಾಣೂತನಕ ಬಿಡಬ್ಯಾಡ ತಂಗಿ. ಅರ್ಧ ಇದ್ದಾಗ ನನಗ ಹೇಳು. ಹಸದಾವ್ರು ಹಗೇವಿನ ಬಾಯಾಗ ನಿಂದ್ರಬಾರ್ದು" ಎಂದು ಅವ್ವನಿಗೆ ಹೇಳುವಳು. ಮನೆಯ ಹೆಂಗಸರು ವಾಡೇವಿನಿಂದ ಎಷ್ಟು ಹೊತ್ತಿಗೆ ಬೇಕಾದರೂ ತೆಗೆದುಕೊಳ್ಳಬಹುದು, ಯಾರ ಹುಕುಮ್ಮೂ ಬೇಡ. ಹಗೇವಿನ ಮಾತೇ ಬೇರೆ. ರೇಣುಕಾಳ ಎರಡು ಖಾತೆಗಳು ನನಗೆ ಅಷ್ಟು ಬೇಗ ತಲೆಗೆ ಹತ್ತಿದ್ದು ಇದರಿಂದಲೇ ಇರಬೇಕು. ತಲೆಗೆ ಹತ್ತಿದ್ದು ಕಾಲಿಗೆ ಇಳಿಯಲಿಲ್ಲ, ಅಷ್ಟೇ.

ಕಾಲುವೆ ಬಂದು ಕೆಲವು ವರ್ಷಕ್ಕೆ ಊರಿನ ನೆಲ ಬದಲಾಯಿತು. ಸುತ್ತಲೂ ಗದ್ದೆಗಳಲ್ಲಿ ನೀರು ನಿಂತು, ಹಗೇವುಗಳ ಗೋಡೆಗಳು ಒಳಗೊಳಗೇ ಬೆವರತೊಡಗಿದವು. ಜೋಳಕ್ಕೆ ಮುಗ್ಗಲು ವಾಸನೆ ಬಂತು. ಮೊದಲೆಲ್ಲ ಒಂದೇ ಸಲಕ್ಕೆ ಉರಿಯುತ್ತಿದ್ದ ದೀಪ ಈಗ ಮತ್ತೆ ಮತ್ತೆ ಆರುತ್ತಿತ್ತು. ಈರಮ್ಮಜ್ಜಿಯ ಎಲೆ ಅಡಿಕೆಯ ಹೊತ್ತು ಉದ್ದವಾಯಿತು, ಅಪ್ಪನ ಸುತ್ತು ಹೆಚ್ಚಾಯಿತು.

ಅದೇ ಹೊತ್ತಿಗೆ ಅಪ್ಪ ಸಿಂಧನೂರಿನಿಂದ ಒಂದು ಬ್ಯಾಟರಿ ತಂದ. ಟಾರ್ಚಿಗೆ ನಮ್ಮ ಕಡೆ ಬ್ಯಾಟರಿ ಅನ್ನುವುದು. ರಾತ್ರಿಯ ಪಾಳಿಯ ನೀರು ನೋಡಲು ಗದ್ದೆಗೆ ಹೋಗಬೇಕಾಗುತ್ತಿತ್ತಲ್ಲ, ಅದಕ್ಕೆ. ಬೆಳ್ಳಗೆ ಹೊಳೆಯುವ ಉದ್ದನೆಯದು. ಹಗಲಿನಲ್ಲೂ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದ. ಬಿಸಿಲಿನಲ್ಲಿ ಹಚ್ಚಿ, ಹತ್ತಿದೆಯೋ ಇಲ್ಲವೋ ಎಂದು ತನ್ನ ಕಣ್ಣಿಗೇ ಬಿಟ್ಟುಕೊಂಡು ನೋಡುತ್ತಿದ್ದ.

ನಾಟಿಯ ದಿನಗಳು. ಪಾಮನಕಲ್ಲೂರಿನಿಂದ ಹೆಣ್ಣಾಳುಗಳು ನಾಟಿಗೆ ಬಂದು ನಮ್ಮ ಅಂಗಳದಲ್ಲಿ ಬಿಡಾರ ಹೂಡಿದ್ದರು. ಅವರ ಊಟ ನಮ್ಮದು. ಅಪ್ಪ ಅಕ್ಕಿ ಬೇಯಿಸೋಣ ಎಂದರೆ ಅವರು ಒಲ್ಲೆ ಎಂದರು. ಅನ್ನ ಉಂಡು ಗದ್ದೆಗೆ ಇಳಿದರೆ ನಾಲ್ಕು ಸಾಲು ನೆಡುವುದರೊಳಗೆ ಹೊಟ್ಟೆ ಖಾಲಿ, ರೊಟ್ಟಿಯೇ ಬೇಕು. ಅಷ್ಟೊಂದು ಜನಕ್ಕೆ ರೊಟ್ಟಿ ಬಡಿದು ಬಡಿದು ವಾಡೇವಿನ ತಳ ಕಂಡಿತು. ಈರಮ್ಮಜ್ಜಿ ಆ ವಾರ ಕಿರಿಮಗಳ ಬಾಣಂತನಕ್ಕೆಂದು ಲಿಂಗಸುಗೂರಿಗೆ ಹೋಗಿದ್ದಳು. ಅಂದು ಸಂಜೆಯ ಬಸ್ಸಿಗೆ ಬರುವವಳಿದ್ದಳು.

ಬೆಳಿಗ್ಗೆ ಎದ್ದವನೇ ಅಪ್ಪ ಹಾರೆ ತಂದು ಕಲ್ಲು ಮೀಟಿದ. ಒಂದು ಸುತ್ತು ಹೊಲದ ಕಡೆ ಹೋಗಿ ಬಂದ. ಅಷ್ಟಕ್ಕೇ ಅವನ ಪಾಲಿಗೆ ಯುಗ ಕಳೆದಿತ್ತು.

"ಸಂಜಿಗೆ ಈರಮ್ಮತ್ತಿ ಬರ್ತಾಳ, ತಡೀರಿ" ಎಂದಳು ಅವ್ವ. "ಅಲ್ಲೀತನ ಪಕ್ಕದ ಮನ್ಯಾಗ ಜ್ವಾಳ ಕಡಾ ತರ್ತೀನಿ."

"ನಮ್ಮ ಹಗೇವಿನಾಗ ಜ್ವಾಳ ಇರುವಾಗ ಕಡಾ ತರೂದು? ಮಂದಿ ನಗ್ತಾರ."

"ಹುಕುಂ ಇಲ್ದ ಇಳೀಬ್ಯಾಡ್ರಿ ಅಂದ್ರ."

"ಲೇ, ಹಗೇವು ನಮ್ಮದು, ಜ್ವಾಳ ನಮ್ಮದು, ಜೀವ ನಂದು. ಆಕಿ ಯಾರು ಹುಕುಂ ಕೊಡಾಕ? ದೀಪ ನೋಡಬೇಕು, ಹೌದಿಲ್ಲೋ? ನೋಡ್ತೀನಿ ಬಾ."

ಅಪ್ಪ ಬ್ಯಾಟರಿಗೆ ಹಗ್ಗ ಕಟ್ಟಿ, ಹಚ್ಚಿ, ಹಗೇವಿನೊಳಗೆ ಬಿಟ್ಟ. ಬೆಳಕು ತಳ ಮುಟ್ಟಿತು. ಜೋಳ ಬಂಗಾರದ ಹಾಗೆ ಹೊಳೆಯಿತು. ನಾವೆಲ್ಲ ಬಗ್ಗಿ ನೋಡಿದೆವು. ಹಗೇವಿನ ಒಳಗನ್ನು ಅಷ್ಟು ಚಂದ ನಾವ್ಯಾರೂ ಯಾವತ್ತೂ ನೋಡಿರಲಿಲ್ಲ. ಎಷ್ಟು ಹೊತ್ತಾದರೂ ಆ ಬೆಳಕು ಆರಲಿಲ್ಲ, ಆರುವುದಿರಲಿ ಸಣ್ಣಗೂ ಆಗಲಿಲ್ಲ. "ನೋಡು, ಆರಿತೇನು?" ಎಂದು ಅಪ್ಪ ಅವ್ವನನ್ನು ಕೇಳಿದ. ಅವ್ವ ಇನ್ನೊಮ್ಮೆ ಬಗ್ಗಿ ನೋಡಿದಳು. ತಲೆತಲಾಂತರದಿಂದ ದೀಪ ಬಿಡುತ್ತ ಬಂದವರು ನಾವು. ಆ ದೀಪ ಒಳಗನ್ನು ಕಾಣುವುದಕ್ಕಲ್ಲ, ಆರುವುದಕ್ಕೆ ಎಂಬುದು ಆ ಗಳಿಗೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಡುವಿಗೆ ಹಗ್ಗ ಬೇಡ ಎಂದ. ಅಲ್ಲಿ ಮಾತ್ರ ಅವ್ವ ಬಿಡಲಿಲ್ಲ, ಹಗೇವಿನ ಬಾಯಿಗೆ ಅಡ್ಡ ಕೂತಳು. ಬೈದುಕೊಳ್ಳುತ್ತ ಕಟ್ಟಿಸಿಕೊಂಡ. ಹಗ್ಗದ ಈ ತುದಿ ಅವ್ವ ಮತ್ತು ಹೆಣ್ಣಾಳುಗಳ ಕೈಯಲ್ಲಿ. ಅಪ್ಪ ಇಳಿದ. ಮಾತಾಡುತ್ತಿರಬೇಕು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಕೇಳ್ರೆವ್ವಾ, ಕುಂತಲ್ಲೆ ಕುಂತು ಎಲಿ ತಿಂದ್ರ ಕೆಲಸ ಆಗಂಗಿಲ್ಲ. ನೋಡ್ರಿ ಬೆಳಕು ಹೆಂಗ ಬಿದ್ದೈತಿ. ಈರಮ್ಮತ್ತಿ ದೀ..."

ಅಷ್ಟೇ. ಮಾತು ಅಲ್ಲಿಗೆ ನಿಂತಿತು. ಬ್ಯಾಟರಿ ಮಾತ್ರ ಒಳಗೆ ಉರಿಯುತ್ತಲೇ ಇತ್ತು.

ಅವ್ವ ಕೂಗಿದ್ದು ನನಗೆ ನೆನಪಿಲ್ಲ, ಎಳೆದದ್ದು ನೆನಪಿದೆ. ಆ ಹೆಣ್ಣಾಳುಗಳ ತೋಳು ನೆನಪಿದೆ. ಅಪ್ಪನ ತಲೆ ಬಾಯಿಯ ಕಲ್ಲಿಗೆ ಬಡಿಯಿತು, ತೋಳು ಸಿಕ್ಕಿಕೊಂಡಿತು, ಯಾರೋ ಕೈ ಹಾಕಿ ಬಿಡಿಸಿದರು. ಬೇವಿನ ಗಿಡದ ಕೆಳಗೆ ಗಾಳಿಗೆ ಹಾಕಿದರು. ಮುಖ ಸೀಸದ ಬಣ್ಣಕ್ಕೆ ತಿರುಗಿತ್ತು. ಅದಕ್ಕೂ ಹೆಚ್ಚಾಗಿ ನನ್ನನ್ನು ಹೆದರಿಸಿದ್ದು ಅವನ ಕಾಲುಗಳು. ಎರಡೂ ಅಲ್ಲಾಡದೆ ಬಿದ್ದಿದ್ದವು. ಹಾಗೆ ಅವು ಬಿದ್ದದ್ದನ್ನು ನಾನು ನಿದ್ದೆಯಲ್ಲೂ ನೋಡಿರಲಿಲ್ಲ. ನೀರು ಚಿಮುಕಿಸಿದರು, ಅಂಗಾಲು ತಿಕ್ಕಿದರು. ಎಷ್ಟೋ ಹೊತ್ತಿನ ಮೇಲೆ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ.

"ಬ್ಯಾಟರಿ ಎಲ್ಲೈತಿ?" ಎಂದ.

"ಒಳಗೈತಿ. ಹೋಗಿ ತಗೊಂಬರ್ರಿ" ಎಂದಳು ಅವ್ವ. ಹಾಗೆಂದು ಅವನ ಎದೆಗೆ ಗುದ್ದಿ ಗುದ್ದಿ ಅತ್ತಳು. ಆಳುಗಳೆದುರು ತಲೆಯ ಮೇಲಿನ ಸೆರಗು ಜಾರಿದ್ದೂ ಅವಳಿಗೆ ತಿಳಿಯಲಿಲ್ಲ.

ಇದನ್ನು ಬರೆಯುತ್ತಿರುವಾಗ ನಮ್ಮವರು ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. ಚೌಕದಲ್ಲಿ ಬಂದಿದ್ದನ್ನು ಪೂರ್ತಿ ಓದಿದರು. "ಪ್ರಿಂಟರಿಂದು ಐತಿ, ಖರೇನ ಐತಿ" ಎಂದು ನನ್ನ ಕಡೆ ಬೆನ್ನು ಮಾಡಿ ಪಾಸ್‌ವರ್ಡ್ ಒತ್ತಿದರು. ಪ್ರಿಂಟರು ಗುರ್ ಎಂದಿತು. ನನ್ನ ಕಣ್ಣು ಒದ್ದೆಯಾಗಿದ್ದು ನೋಡಿ, "ಇಷ್ಟಕ್ಕ ಅಳತಾರೇನ?" ಎಂದು ಗಾಬರಿಯಾದರು. ಅದಕ್ಕಲ್ಲ ಎಂದೆ. ಈಗ ಅವರನ್ನು ಚಹಾ ಮಾಡಲು ಕಳಿಸಿದ್ದೇನೆ, ಬರುವುದು ತಡ, ನಾವು ಮುಂದೆ ಹೋಗೋಣ.

ಸಂಜೆ ಈರಮ್ಮಜ್ಜಿ ಬಸ್ಸಿನಿಂದ ಇಳಿದು, ಸುದ್ದಿ ಕೇಳಿ, ಚೀಲ ಸಮೇತ ನಮ್ಮ ಮನೆಗೇ ಬಂದಳು. ಅಪ್ಪ ಗೋಡೆಗೆ ಒರಗಿ ಕೂತಿದ್ದ. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ. ಊರವರೂ ಆ ಬೈಗುಳ ಕೇಳಲೆಂದೇ ನೆರೆದಿದ್ದರು. ಅವಳು ಅಪ್ಪನನ್ನು ಬೈಯಲಿಲ್ಲ.

"ತಪ್ಪು ನಂದೈತಿ" ಎಂದಳು. "ಹುಕುಂ ಚೀಲದಾಗ ಹಾಕ್ಕೊಂಡು ಊರಿಗೆ ಹೋದ್ನೆಲ್ಲ ನಾ. ಇಲ್ಲಿ ಹೊಟ್ಟಿ ಕಾಯ್ತಾವೇನು? ಇನ್ನೊಬ್ಬರ ಕೈಗೆ ಕೊಟ್ಟು ಹೋಗಬೇಕಿತ್ತು."

ಯಾರ ಕೈಗೆ ಎಂದು ಯಾರೋ ಕೇಳಿದರು. ಈರಮ್ಮಜ್ಜಿ ಎಲೆಯ ಚೀಲ ಬಿಚ್ಚಿದಳು, ಕಟ್ಟಿದಳು.

"ಬಸಣ್ಣಗ ಕೊಡ್ತೀನಿ. ನಾ ಇಲ್ಲದಾಗ ಓಣಿಗೆಲ್ಲ, ನಾ ಇದ್ದಾಗ ನನ್ನ ಮನೀ ಹಗೇವಿಗೆ, ಬಸಣ್ಣಂದ ಹುಕುಂ."

ನೆರೆದವರು ನಕ್ಕರು. ಅಪ್ಪನೂ ನಕ್ಕ, ಚೇಷ್ಟೆ ಮಾಡುತ್ತಿದ್ದಾಳೆಂದು. ನಿಂತು ಉಣ್ಣುವ ಬಸಣ್ಣ, ಸಸಿ ಕಿತ್ತು ನೋಡುವ ಬಸಣ್ಣ, ಅವನು ಹಗೇವಿನ ಬಾಯಲ್ಲಿ ಕೂತು ದೀಪ ಕಾಯುವುದೆಂದರೆ ಬೆಕ್ಕನ್ನು ಹಾಲಿಗೆ ಕಾವಲಿಟ್ಟಂತೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಯಾರೋ ಅಂದರು ಕೂಡ. ಈರಮ್ಮಜ್ಜಿ ನಗಲಿಲ್ಲ. ಬರೀ ಮಾತಿಗೆ ಹೇಳಿದ್ದಲ್ಲ ಎಂದು ತಿಳಿದಾಗ ಅಪ್ಪನ ಮುಖ ಸಪ್ಪಗಾಯಿತು. ಆ ರಾತ್ರಿ ಅವನು ಕೂತು ಉಂಡ. ಅವ್ವ ಅದನ್ನು ಬಹಳ ದಿನ ಹೇಳುತ್ತಿದ್ದಳು. ಮರುದಿನದಿಂದ ಮತ್ತೆ ನಿಂತೇ.

ಮುಂದಿನ ಬೇಸಿಗೆಯಲ್ಲಿ ಈರಮ್ಮಜ್ಜಿಯ ಮೊಮ್ಮಗಳ ಮದುವೆ ಬಂತು. ಗುರುಗುಂಟಾದ ಬೀಗರು ನಾಳೆ ಬರುತ್ತೇವೆಂದವರು ಒಂದು ದಿನ ಮೊದಲೇ, ಬಂಡಿ ಬಂಡಿ ತುಂಬಿಕೊಂಡು ಬಂದಿಳಿದರು. ಮನೆಯಲ್ಲಿ ಬೀಸಿಟ್ಟ ಹಿಟ್ಟು ಒಂದು ಹೊತ್ತಿಗೂ ಸಾಲದು. ಈರಮ್ಮಜ್ಜಿಯ ಹಗೇವಿನ ಬಾಯಿ ತೆಗೆದರು. ಅಪ್ಪನಿಗೆ ಕರೆ ಬಂತು. ನಾನೂ ಹಿಂದೆ ಓಡಿದೆ.

ಅಪ್ಪ ಹೋಗಿ ಕಲ್ಲಿನ ಮೇಲೆ ಕೂತ. ಎರಡೂ ಕೈಯಿಂದ ಎರಡೂ ಮಂಡಿಗಳನ್ನು ಒತ್ತಿ ಹಿಡಿದುಕೊಂಡಿದ್ದ. ಬುಟ್ಟಿಯಲ್ಲಿ ಹಣತೆ ಇಟ್ಟು ಇಳಿಬಿಟ್ಟರು. ಹಗೇವಿನ ಬಾಯಲ್ಲಿ ಈರಮ್ಮಜ್ಜಿಯ ಮೊಮ್ಮಗ ದುರುಗ, ಆಗಷ್ಟೇ ಮೀಸೆ ಮೂಡಿದ ಹುಡುಗ, ನಡುವಿಗೆ ಹಗ್ಗ ಕಟ್ಟಿಕೊಂಡು ಎರಡೂ ಕಾಲು ಒಳಗೆ ಬಿಟ್ಟು ಕೂತಿದ್ದ. ಈರಮ್ಮಜ್ಜಿ ನಿಂತಿದ್ದಳು. ಅವಳ ಕೈಯಲ್ಲಿ ಎಲೆ ಇರಲಿಲ್ಲ, ಅಡಿಕೆ ಇರಲಿಲ್ಲ. ಬೀಗರು ಕೂತ ಚಪ್ಪರದ ಕಡೆ ಒಮ್ಮೆ, ಹಗೇವಿನ ಕಡೆ ಒಮ್ಮೆ ನೋಡುತ್ತ, ಸೆರಗಿನ ತುದಿ ಸುತ್ತುತ್ತ ಬಿಚ್ಚುತ್ತ ಇದ್ದಳು.

"ಉರಿಯಾಕತ್ತೈತಲ್ಲಪ್ಪ. ಸಾಕು, ಹುಡುಗನ್ನ ಇಳಸು."

"ನಡುವಿನ ಮಟ ಹೋಗೈತ್ರಿ. ತಳಕ್ಕ ಹೋಗ್ಲಿ, ತಡೀರಿ ಅತ್ತಿ."

"ಬೀಗರು ಉಪಾಸ ಕುಂತಾರ. ಹುಡುಗಿ ಬಾಳೇವಿನ ಪ್ರಶ್ನೆ."

"ತಡೀರಿ."

"ಬಸ್ಯಾ!" ಈರಮ್ಮಜ್ಜಿಯ ದನಿ ಅಷ್ಟು ಎತ್ತರಕ್ಕೆ ಹೋಗಬಲ್ಲದೆಂದು ಊರಿಗೆ ಗೊತ್ತಿರಲಿಲ್ಲ. "ನಾ ನೋಡಿದಷ್ಟು ಹಗೇವು ನೀ ನೋಡೀಯೇನು? ನನ್ನ ಹಗೇವು ನನಗ ಗೊತ್ತಿಲ್ಲೇನು? ದುರುಗ, ಇಳೀಲೇ."

ದುರುಗ ಅಜ್ಜಿಯ ಮುಖ ನೋಡಿದ, ಅಪ್ಪನ ಮುಖ ನೋಡಿದ. ಅಜ್ಜಿಯ ಮಾತು ಮೀರಿ ಗೊತ್ತಿಲ್ಲದ ಹುಡುಗ. ಕೈ ಊರಿ ಮೈ ಜಾರಿಸಿದ. ಅಪ್ಪ ಕೂತಲ್ಲಿಂದಲೇ ಅವನ ನಡುವಿನ ಹಗ್ಗ ಹಿಡಿದು ತನ್ನ ತೋಳಿಗೆ ಸುತ್ತಿ ಸುತ್ತಿ ಬಿಗಿದುಬಿಟ್ಟ. ಹುಡುಗ ಎದೆಯವರೆಗೆ ಒಳಗೆ, ಉಳಿದದ್ದು ಹೊರಗೆ, ಹಾಗೇ ತೂಗಿದ. ಅಪ್ಪನ ಕುತ್ತಿಗೆಯ ನರಗಳು ಉಬ್ಬಿದ್ದವು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಎದ್ದು ಓಡಿಬಿಡಬೇಕೆಂದು ಅವನ ಮೈಯೆಲ್ಲ ಹಾತೊರೆಯುತ್ತಿದ್ದುದು ನನಗೆ ಕಾಣುತ್ತಿತ್ತು, ಯಾಕೆಂದರೆ ನನ್ನ ಮೈಯೂ ಅದೇ. ಏಳಲಿಲ್ಲ ಅವನು. ಅಪ್ಪನನ್ನು ನಾನು ಅಷ್ಟು ಪ್ರೀತಿಸಿದ್ದು ಮತ್ತೆಂದೂ ಇಲ್ಲ.

"ದೀಪ ಇನ್ನೂ ಕೆಳಗ ಬಿಡು" ಎಂದ, ಹಣತೆಯ ಹಗ್ಗ ಹಿಡಿದಿದ್ದವನಿಗೆ.

ಬುಟ್ಟಿ ಇನ್ನೊಂದು ಮೊಳ ಇಳಿಯಿತು. ಇನ್ನೊಂದು. ಕುಡಿ ಸಣ್ಣಗಾಯಿತು, ಬತ್ತಿಯ ತುದಿಗೆ ಅಂಟಿಕೊಂಡಿತು, ಆರಿಹೋಯಿತು. ಹಗೇವು ಕಪ್ಪಾಯಿತು.

ದುರುಗನನ್ನು ಮೇಲೆಳೆದು ಮಣ್ಣಿನ ಮೇಲೆ ಕೂರಿಸಿದರು. ಈರಮ್ಮಜ್ಜಿ ಅವನ ಪಕ್ಕ ಕುಸಿದು ಕೂತು, ಅವನ ಎರಡೂ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ಸೆರಗಿನಿಂದ ಒರೆಸತೊಡಗಿದಳು. ಅವುಗಳಿಗೆ ಏನೂ ಹತ್ತಿರಲಿಲ್ಲ.

"ಊರಿಗೆಲ್ಲ ಹೇಳಿದಾಕಿ ನಾ" ಎಂದಳು. "ನನಗ ಹೆಂಗ ತಿಳೀಲಿಲ್ಲೋ ಬಸಣ್ಣ? ಇಷ್ಟು ವರ್ಷ ಆದಮ್ಯಾಲೆ ನನಗ ಹೆಂಗ ತಿಳೀಲಿಲ್ಲ?"

ಅಪ್ಪ ತೋಳಿನ ಹಗ್ಗ ಬಿಚ್ಚುತ್ತಿದ್ದ. ಚರ್ಮದ ಮೇಲೆ ಹಗ್ಗದ ಬರೆ ಎದ್ದಿತ್ತು.

"ಜ್ವಾಳ ನಿಮ್ಮದಿತ್ತಲ್ರೀ ಅತ್ತಿ" ಎಂದ. "ಅದಕ್ಕ."